ಅರ್ಧ ಸಾಕು

ಗುರುವಾರ

ಪ್ರೀತಿಯ ಅಕ್ಕನಿಗೆ,

ಫೋನು ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಅಂತ ನೀನು ಹುಬ್ಬೇರಿಸುತ್ತೀಯ, ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಪಕ್ಕದಲ್ಲೇ ಅಮ್ಮ ಇರುತ್ತಾಳೆ. ನಾನು ಈ ಕಡೆ ಕೆಮ್ಮಿದರೆ ಸಾಕು, ಯಾರಂತೆ, ಏನಂತೆ, ಯಾವಾಗ ಬರ್ತಾಳಂತೆ ಅಂತ ಆ ಕಡೆ ಶುರುವಾಗುತ್ತದೆ. ಇದು ಅವಳ ಕಿವಿಗೆ ಬೀಳಬಾರದ ವಿಷಯ. ಓದಿ ಹರಿದು ಹಾಕಿಬಿಡು.

ಹೋದ ತಿಂಗಳು ಫೋನು ಇಡುವ ಮುಂಚೆ ನೀನೊಂದು ಮಾತು ಹೇಳಿದ್ದೆ. ವಯಸ್ಸು ನಲವತ್ತೈದು ದಾಟಿತು, ಇನ್ನೂ ಎಷ್ಟು ದಿನ ಅಂತ ಬೆಳಗ್ಗಿಂದ ಸಂಜೆವರೆಗೆ ಮೈ ಮುರೀತೀಯ, ಅರ್ಧ ದಿನದ ಕೆಲಸ ಮಾಡಿಸ್ಕೊ ಅಂತ. ಆಗ ಅದನ್ನು ಪ್ರೀತಿಯ ಮಾತು ಅಂದುಕೊಂಡೆ. ಈಗ ಹಾಗೆ ಅನ್ನಿಸುತ್ತಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನಮ್ಮ ಲ್ಯಾಬಿನ ಕಥೆ ಕೇಳು.

ನಾವು ಹಲ್ಲಿನ ಸೆಟ್ಟು ಮಾಡುತ್ತೇವೆ ಅನ್ನುವುದು ನಿನಗೆ ಗೊತ್ತು, ಹೇಗೆ ಅಂತ ನೀನು ನೋಡಿಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ಆ ಅಚ್ಚಿನ ಮೇಲೆ ಗುಲಾಬಿ ಮೇಣ ಕೂರಿಸಿ, ಚಾಕು ಕಾಯಿಸಿಕೊಂಡು, ಒಂದೊಂದೇ ಹಲ್ಲು ನೆಡುತ್ತ ಹೋಗಬೇಕು. ಮೇಲಿನ ದವಡೆಯಲ್ಲಿ ನಗು ಇರುತ್ತದೆ, ಅದು ಕೈಚಳಕದ ಕೆಲಸ. ಕೆಳಗಿನ ದವಡೆ ಶುದ್ಧ ಕಿರಿಕಿರಿ, ಎಷ್ಟು ಸರಿ ಮಾಡಿದರೂ ನಾಲಿಗೆ ಅದನ್ನು ಎತ್ತಿ ಎಸೆಯುತ್ತದೆ, ಮೂರು ಸಲ ವಾಪಸ್ ಬರುತ್ತದೆ. ಇಷ್ಟು ವರ್ಷ ಎರಡನ್ನೂ ಮಾಡಿದ್ದೇನೆ, ಮಾಡಿಲ್ಲ ಅಂತ ಯಾರಾದರೂ ಬೆರಳು ತೋರಿಸಲಿ ನೋಡೋಣ.

ನನಗೆ ಕೆಲಸದ ಮೇಲೆ ಬೇಸರ ಬಂದಿದೆ ಅಂದುಕೊಳ್ಳಬೇಡ. ಹೆದರಿಕೆ ಬಂದಿದೆ. ಒಂದು ದಿನ ಊಟಕ್ಕೆ ಕೂತಾಗ ಮಗಳು ಕಾಲೇಜಿನ ಯಾವುದೋ ಸುದ್ದಿ ಹೇಳಿಕೊಂಡು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಅವಳು ಒಳಗೆ ಹೋದ ಮೇಲೆ ನೋಡಿದರೆ ನನಗೆ ಆ ಸುದ್ದಿ ಏನು ಅಂತ ಒಂದಕ್ಷರ ನೆನಪಿಲ್ಲ. ಅವಳ ಕೋರೆಹಲ್ಲು ಸ್ವಲ್ಪ ತಿರುಗಿರುವುದೊಂದೇ ನೆನಪು. ಬಸ್ಸಿನಲ್ಲೂ ಹಾಗೆ, ಎದುರಿನವರ ಬಾಯಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಕ್ಕ, ನನಗೆ ಅಳು ಬಂತು. ದಿನದಲ್ಲಿ ಅರ್ಧ ಹೊತ್ತಾದರೂ ಯಾರ ಬಾಯಿಯೂ ಇಲ್ಲದೆ ಕೂರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ನಮ್ಮ ಲ್ಯಾಬಿನ ಓನರಿಗೆ ನಾವೆಲ್ಲ ಹೂಂ ಸಾರ್ ಅಂತ ಹೆಸರಿಟ್ಟಿದ್ದೇವೆ. ಮದುವೆ ಆಯ್ತು ಅಂದರೂ ಹೂಂ, ಮೇಣ ಮುಗೀತು ಅಂದರೂ ಹೂಂ. ಅವರ ಹತ್ತಿರ ಏನೇನು ಹೇಳಬೇಕು, ಅವರು ಆಗಲ್ಲ ಅಂದರೆ ಹೇಗೆ ಪಟ್ಟು ಹಿಡಿಯಬೇಕು ಅಂತ ವಾರವಿಡೀ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿಕೊಂಡೆ. ಶನಿವಾರ ಅವರು ಯಂತ್ರದಲ್ಲಿ ಸೆಟ್ಟು ಉಜ್ಜುತ್ತಿದ್ದಾಗ ಹೋಗಿ, ಸಾರ್, ನನಗಿನ್ನು ಅರ್ಧ ಸಾಕು ಅಂದೆ. ಅವರು ತಲೆ ಎತ್ತಲಿಲ್ಲ. ಹೂಂ, ಸೋಮವಾರದಿಂದ ಅಂದರು. ಅಷ್ಟೇ!

ಕೇಳಿದ್ದು ಸಿಕ್ಕಿತಲ್ಲ, ಕುಣಿದಾಡು ಅನ್ನುತ್ತೀಯ. ಕುಣಿಯುವುದು ಹೇಗೆ? ಹದಿನೇಳು ವರ್ಷ ಮೇಜು ಸವೆಸಿದವಳಿಗೆ ಯಾಕಮ್ಮ ಅನ್ನುವ ಒಂದು ಮಾತು ಬೇಡವೇ? ಇಷ್ಟು ಸಲೀಸಾಗಿ ಬಿಟ್ಟರು ಅಂದರೆ ಇದರಲ್ಲಿ ಏನೋ ಇದೆ ಅನ್ನಿಸಿತು.

ಸೋಮವಾರ ಹೋಗಿ ನೋಡುತ್ತೇನೆ, ನನ್ನ ಪಕ್ಕದ ಮೇಜಿಗೆ ಹೊಸಬಳೊಬ್ಬಳು ಬಂದು ಕೂತಿದ್ದಾಳೆ. ನನ್ನ ವಯಸ್ಸಿನವಳೇ, ದಪ್ಪ ಕನ್ನಡಕ, ಬೇರೆ ಲ್ಯಾಬಿನಲ್ಲಿ ಪಳಗಿದ ಕೈ. ಕೆಳಗಿನ ದವಡೆಗಳನ್ನೆಲ್ಲ ಅವಳ ಮುಂದೆ ಸುರಿದಿದ್ದಾರೆ. ನನ್ನ ಮೇಜಿನ ಮೇಲೆ ಮೇಲಿನ ದವಡೆಗಳ ಗುಡ್ಡೆ, ಸಂಜೆವರೆಗೆ ಮಾಡಿದರೂ ಮುಗಿಯದಷ್ಟು. ಒಂದು ಗಂಟೆಗೆ ಬ್ಯಾಗು ತಗೊಂಡು ಎದ್ದರೆ ಹೂಂ ಸಾರ್ ಗಡಿಯಾರ ನೋಡಿ, ಹುಷಾರಿಲ್ವಾ ಅಂದರು. ಬ್ಯಾಗು ಕೆಳಗಿಟ್ಟೆ. ಮತ್ತೆ ಕೂತೆ. ಇವತ್ತು ಕೆಳಗಿನದ್ದು ಹೋಯಿತು, ನಾಳೆ ಮೇಲಿನದ್ದು ಹೋಗುತ್ತದೆ, ನಾಡಿದ್ದು ನಾನೇ ಹೋಗುತ್ತೇನೆ ಅಂತ ಲೆಕ್ಕ ಹಾಕಿದೆ. ಹೊಸಬಳು ಚಹಾ ತಂದುಕೊಟ್ಟರೆ ಕುಡಿಯಲು ಕೂಡ ಮನಸ್ಸಾಗಲಿಲ್ಲ, ನೋಡು.

ಇನ್ನು ಮನೆಯ ಕಥೆ. ಇವರಿಗೆ ಹೇಳಿದ್ದೇ ತಡ, ಒಳ್ಳೇದಾಯ್ತು ಬಿಡು, ನಿನ್ನ ಆರೋಗ್ಯ ಮುಖ್ಯ ಅಂದರು. ಮದುವೆಯಾದಾಗಿನಿಂದ ನನ್ನ ಆರೋಗ್ಯದ ಮಾತು ಅವರ ಬಾಯಲ್ಲಿ ಬಂದದ್ದು ಅವತ್ತೇ ಮೊದಲು. ನನ್ನ ಕಿವಿ ನೆಟ್ಟಗಾಯಿತು. ಮಾರನೇ ದಿನ ಅವರ ಫೋಟೋ ಫ್ರೇಮಿನ ಅಂಗಡಿ ಕಡೆ ಹಾದು ಹೋಗುವಾಗ ಇಣುಕಿದರೆ ಗಲ್ಲಾಪೆಟ್ಟಿಗೆಯ ಹಿಂದೆ ಹೊಸ ಸ್ಟೂಲು ಬಂದಿದೆ, ಮೇಲೊಂದು ದಿಂಬು ಬೇರೆ. ಯಾರಿಗೆ ಅಂತ ಕೇಳಿದರೆ ಹಲ್ಲು ಕಿರಿದರು. ಮಧ್ಯಾಹ್ನ ನೀನು ಸುಮ್ಮನೆ ಕೂತಿದ್ದರೆ ಸಾಕು, ನಾನೊಂದು ಚೂರು ಅಡ್ಡಾಗಿ ಬರ್ತೀನಿ ಅಂದರು.

ಮಗಳು ಮಾತ್ರ ಮುಖ ಸಣ್ಣಗೆ ಮಾಡಿಕೊಂಡು, ಹಾಗಾದ್ರೆ ದಿನಾ ನಾಲ್ಕು ಗಂಟೆಗೆ ನೀನು ಮನೇಲೇ ಇರ್ತೀಯಾ ಅಂತ ಕೇಳಿದಳು. ಆ ಹೊತ್ತಿನಲ್ಲಿ ಮನೆಗೆ ಯಾರು ಬರುತ್ತಾರೋ, ಏನು ನಡೆಯುತ್ತದೋ, ಅದನ್ನು ಬೇರೆ ವಿಚಾರಿಸಬೇಕು. ಆದರೂ ಇಡೀ ಮನೆಯಲ್ಲಿ ಮನಸ್ಸಿನಲ್ಲಿದ್ದದ್ದನ್ನು ಮುಖದ ಮೇಲೆ ತೋರಿಸಿದವಳು ಅವಳೊಬ್ಬಳೇ.

ಈಗ ನಿನ್ನ ಸರದಿ. ನಾನು ಓನರ್ ಹತ್ತಿರ ಕೇಳಿದೆ ಅಂತ ಫೋನಿನಲ್ಲಿ ಹೇಳಿದ ಮರುಕ್ಷಣ ನೀನು ಕೇಳಿದ್ದೇನು? ನಿಮ್ಮ ಕೆಳಗಿನ ಕೋಣೆಗೆ ಬಿಸಿಲು ಬರುತ್ತಾ ಅಂತ. ಆಮೇಲೆ, ಬಚ್ಚಲು ಅದಕ್ಕೆ ಹತ್ತಿರ ತಾನೇ ಅಂತ. ನಿನಗೆ ನಮ್ಮ ಬಿಸಿಲಿನ ಉಸಾಬರಿ ಯಾಕೆ ಬಂತು? ನಾನೇನು ಹಾಲು ಕುಡಿಯುವ ಮಗುವಲ್ಲ. ಅಮ್ಮನ ಹಾಸಿಗೆ ಎಲ್ಲಿ ಹಾಕಬೇಕು ಅಂತ ನೀನು ಅಳತೆ ಹಾಕುತ್ತಿದ್ದೆ. ನನ್ನ ಮಧ್ಯಾಹ್ನ ಇನ್ನೂ ನನ್ನ ಕೈಗೇ ಬಂದಿರಲಿಲ್ಲ, ಆಗಲೇ ನೀನೂ ಇವರೂ ಅದನ್ನು ಹರಿದು ಹಂಚಿಕೊಂಡಿದ್ದಿರಿ. ನೀನು ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತಿದ್ದೀಯ ಅಂತ ಒಬ್ಬರೂ, ಒಬ್ಬೇ ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಕೊನೆಗೆ ಆ ವಾರ ಮುಗಿಯುವಷ್ಟರಲ್ಲಿ ತಡೆಯಲಾಗದೆ ಹೂಂ ಸಾರ್ ಎದುರು ಹೋಗಿ ನಿಂತೆ. ನನ್ನ ಜಾಗಕ್ಕೆ ಆಳು ತಂದಿದ್ದೀರಿ, ಅದನ್ನು ಬಾಯಿಬಿಟ್ಟು ಹೇಳಿ, ಮರ್ಯಾದೆಯಿಂದ ಹೋಗ್ತೀನಿ ಅಂದೆ. ಅವರು ಯಂತ್ರ ನಿಲ್ಲಿಸಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನೀವೇ ತಾನೇ ಅರ್ಧ ಸಾಕು ಅಂದಿದ್ದು, ಕೆಳಗಿನ ದವಡೆ ಮಾಡಿ ಮಾಡಿ ಸುಸ್ತಾಗಿದೆ ಪಾಪ ಅಂದ್ಕೊಂಡೆ, ಭಾನುವಾರವೆಲ್ಲ ಅಲೆದು ಆಕೆಯನ್ನು ಹುಡುಕಿ ತಂದೆ, ಮೇಲಿನದ್ದಕ್ಕೆ ನೀವಿಲ್ಲದಿದ್ರೆ ಇನ್ಯಾರಿದ್ದಾರೆ ಅಂದರು.

ನಗಬೇಡ ಅಕ್ಕ. ನಮ್ಮಲ್ಲಿ ಮೇಲೂ ಕೆಳಗೂ ಸೇರಿದರೆ ಫುಲ್ ಸೆಟ್ಟು, ಒಂದೇ ದವಡೆಯಾದರೆ ಅರ್ಧ. ದಿನಕ್ಕೆ ನೂರು ಸಲ ಆ ಮಾತು ನನ್ನ ಬಾಯಲ್ಲೇ ಬರುತ್ತದೆ. ಅರ್ಧ ದಿನ ಅಂತ ಹೇಳಲು ದಿನ ಅನ್ನುವ ಶಬ್ದವೊಂದು ಬೇಕು ಅನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಆಮೇಲೆ ಬಿಡಿಸಿ ಹೇಳಿದೆ. ದವಡೆಯಲ್ಲ ಸಾರ್, ದಿನ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಹೂಂ ಅಂತ ಕೂಡ ಅನ್ನದೆ ಒಳಗೆ ಹೋದರು. ಆ ಮಾತು ಅಲ್ಲಿಗೇ ನಿಂತಿತು. ಮನೆಯಲ್ಲಿ ಆಗಲಿಲ್ಲ ಅಂತ ಹೇಳಿಬಿಟ್ಟೆ. ಇವರು ಆ ದಿಂಬನ್ನು ಮನೆಗೆ ವಾಪಸ್ ತಂದರು, ಮಗಳು ಅವತ್ತು ತಾನಾಗಿ ಪಾತ್ರೆ ತೊಳೆದಳು. ನೀನೂ ನಮ್ಮ ಕೆಳಗಿನ ಕೋಣೆಯನ್ನು ಮರೆತುಬಿಡು. ಅದಕ್ಕೆ ಬಿಸಿಲು ಬರುವುದಿಲ್ಲ.

ಅನುಮಾನ ಇದ್ದರೂ ಪ್ರೀತಿ ಬಿಡಲಾರದ,
ನಿನ್ನ ಪುಟ್ಟಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಆಗಲಿಲ್ಲ ಅಂದದ್ದು ಸುಳ್ಳು. ಮಾರನೇ ಬೆಳಿಗ್ಗೆ ಹೂಂ ಸಾರ್ ಬಂದು, ಒಂದು ಗಂಟೆವರೆಗೆ ಇದ್ದು ಹೋಗಿ ಅಂದರು. ಎರಡು ವಾರವಾಯಿತು. ಮನೆಯಿಂದ ಎಂದಿನ ಹೊತ್ತಿಗೆ ಹೊರಡುತ್ತೇನೆ, ಎಂದಿನ ಹೊತ್ತಿಗೆ ವಾಪಸ್ ಬರುತ್ತೇನೆ. ನಡುವಿನ ಹೊತ್ತು ಬಸ್ ಸ್ಟ್ಯಾಂಡಿನ ಹಿಂದಿರುವ ಪಾರ್ಕಿನಲ್ಲಿ ಕೂತಿರುತ್ತೇನೆ, ಈ ಕಾಗದವನ್ನೂ ಅಲ್ಲೇ ಬರೆದೆ. ಏನು ಮಾಡ್ತೀಯ ಅಂದರೆ, ಏನೂ ಇಲ್ಲ. ಇವತ್ತು ಮೇಲಿನ ಪುಟಗಳಲ್ಲಿ ನಿನ್ನನ್ನು ಬೈದು ಮುಗಿಸಿದ ಮೇಲೆ ಹೊಳೆಯಿತು: ಅಮ್ಮ ನಿನ್ನ ಮನೆಗೆ ಬಂದ ಮೇಲೆ ನೀನು ಒಂದು ದಿನವಾದರೂ ಹೀಗೆ ಒಬ್ಬಳೇ ಎಲ್ಲಾದರೂ ಕೂತಿದ್ದೀಯಾ? ಅದನ್ನು ನಾನೂ ಯಾವತ್ತೂ ಕೇಳಿಲ್ಲ. ಒಂದು ಮಧ್ಯಾಹ್ನ ಬಾ ಅಕ್ಕ. ಪಕ್ಕದ ಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ, ಏನಾದರೂ ಸುಳ್ಳು ಹೇಳಿ ಬಾ. ಬೆಂಚಿನಲ್ಲಿ ಇಬ್ಬರಿಗೆ ಜಾಗವಿದೆ. ಆದರೆ ಒಬ್ಬಳೇ ಬರಬೇಕು. ನಿನ್ನ ಹಿಂದೆ ಅಮ್ಮನೂ ಬಸ್ಸಿನಿಂದ ಇಳಿಯುವುದು ಕಂಡರೆ, ನೀನು ಯಾರೋ ನಾನು ಯಾರೋ ಅನ್ನುವ ಹಾಗೆ ಎದ್ದು ನಡೆದುಬಿಡುತ್ತೇನೆ, ಈಗಲೇ ಹೇಳಿದ್ದೇನೆ.