ತಂಬಿಟ್ಟಿಗೆ ಜೋಡಿ ಬೇಡ

ಎರಡನೆಯ ಮುಂಗಾರಿನ ನಲವತ್ತೊಂದನೆಯ ವರ್ಷ,
ಪಂಚಮಿಯ ಮಾರನೆಯ ದಿನ,
ಉಣಕಲ್ ದಂಡೆಯ ನೆರಳುಬೀದಿ, ಹುಬ್ಬಳ್ಳಿ

ಇಂಪನಾ ಅಜ್ಜಿಗೆ ಫಕೀರವ್ವ ಮಾಡುವ ನಮಸ್ಕಾರಗಳು.

ಈ ತಾರೀಖು ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ಮಳೆಗಾಲ ತನ್ನ ತಿಂಗಳು ಬಿಟ್ಟು ಬೇರೆ ತಿಂಗಳಿಗೆ ಸರಿದ ಮೇಲೆ ನಾವು ವರ್ಷಗಳನ್ನು ಮೊದಲಿನಿಂದ ಎಣಿಸತೊಡಗಿದೆವು. ನಿನ್ನ ಕಾಲದಿಂದ ನೂರೆಂಬತ್ತು ವರ್ಷ ಮುಂದೆ ಎಂದಿಟ್ಟುಕೋ. ನಿನಗಿನ್ನೂ ಇಪ್ಪತ್ತಾರು, ಮದುವೆಯಾಗಿಲ್ಲ. ನನಗೆ ಎಪ್ಪತ್ತು ದಾಟಿದೆ. ಆದರೂ ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಹಾಗಾಗಿ ನಮಸ್ಕಾರ ನನ್ನದು. ಬೈಗುಳವೂ ನನ್ನದೇ. ನಡುನಡುವೆ ನಿನಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸು. ಕ್ಷಮೆ ಕೇಳುವುದು ಅದೊಂದಕ್ಕೇ.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವ ದಾರಿ ನಮಗೆ ಸಿಕ್ಕಿದೆ, ಆದರೆ ಒಬ್ಬೊಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಹೆಚ್ಚಿನವರು ಅದನ್ನು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನನ್ನ ತಂಗಿ ಲೀಲವ್ವ ತನ್ನದನ್ನು ಹರೆಯದಲ್ಲೇ ಯಾರೋ ಒಬ್ಬನಿಗೆ ಬರೆದು ಮುಗಿಸಿದಳು, ಯಾರಿಗೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದೆ. ಈಗ ಅದನ್ನು ಒಂದು ಹಾವಿಗಾಗಿ ನಿನ್ನ ಮೇಲೆ ಖರ್ಚು ಮಾಡುತ್ತಿದ್ದೇನೆ ಎಂದು ಬೀದಿಯವರು ನಗುತ್ತಿದ್ದಾರೆ. ನಗಲಿ.

ನಿನ್ನ ವಿಷಯ ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ನೀವು ಚಹಾ ಕುಡಿದರೂ ವಿಡಿಯೋ ಮಾಡಿದ ಜನ. ನಿಮ್ಮ ಕೆರೆಗಳು ಉಳಿಯಲಿಲ್ಲ, ವಿಡಿಯೋಗಳು ಮಾತ್ರ ಒಂದೂ ಬಿಡದೆ ಉಳಿದುಬಂದಿವೆ. ಹಾಗಾಗಿ ವಿದ್ಯಾನಗರದ ನಿನ್ನ ಬಾಡಿಗೆ ಕೋಣೆ ನನಗೆ ನಮ್ಮ ಅಡುಗೆಮನೆಯಷ್ಟೇ ಪರಿಚಯ. ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ನಿನ್ನ ಉಂಡೆಹಾವು ಇದೆ. ಹೊರದೇಶದ ಆ ಗಿಡ್ಡ ಹೆಬ್ಬಾವಿಗೆ ನಾವಿಟ್ಟ ಹೆಸರು ಅದು, ಹೆದರಿದಾಗ ತಲೆಯನ್ನು ಒಳಗಿಟ್ಟು ಉಂಡೆಯಾಗುತ್ತದೆ ಎಂದು. ಪಂಚಮಿಯ ವಾರದಲ್ಲಿ ಅದನ್ನು ಮನೆಗೆ ತಂದೆ, ತಂಬಿಟ್ಟು ಎಂದು ಕರೆದೆ. ಇಲ್ಲಿಯವರೆಗೆ ನಿನ್ನ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅವನಿಗೆ ಬೆಚ್ಚಗಿನ ಮೂಲೆ ಕೊಟ್ಟೆ, ಅಡಗಲು ಮಡಕೆಯ ಚೂರು ಕೊಟ್ಟೆ, ನೀರಿನ ಬಟ್ಟಲು ದಿನಾ ತೊಳೆದೆ. ಅವನು ಇಲಿಯನ್ನು ಒಂದೇ ಏಟಿಗೆ ಹಿಡಿದು ನುಂಗಿ ವಾರಗಟ್ಟಲೆ ಆರಾಮಾಗಿ ಮಲಗುತ್ತಿದ್ದ.

ಆಮೇಲೆ ಒಂದು ಭಾನುವಾರ ಕ್ಯಾಮೆರಾ ಮುಂದೆ ಕೂತು, ತಂಬಿಟ್ಟು ಒಂಟಿಯಾಗಿದ್ದಾನೆ, ಅವನಿಗೊಂದು ಜೋಡಿ ಬೇಕು ಎಂದು ಮುಖ ಸಣ್ಣದು ಮಾಡಿಕೊಂಡು ಹೇಳಿದೆ. ಯಾರು ಹೇಳಿದರು ನಿನಗೆ? ಅವನು ಬಂದು ಹೇಳಿದನಾ? ಹಾವಿಗೆ ಬೇಕಾದದ್ದು ಬೆಚ್ಚಗಿನ ಮೂಲೆ, ಹೊಟ್ಟೆಗೆ ಇಲಿ, ತನ್ನ ಪಾಡಿಗೆ ತನ್ನನ್ನು ಬಿಡುವ ಜನ. ಅದೇ ತಿಂಗಳು ನಿನ್ನ ಸೋದರತ್ತೆ ನಿನಗೊಂದು ಗಂಡು ನೋಡಿದ್ದಾಳೆಂದು ನೀನು ಎರಡು ದಿನ ಊಟ ಬಿಟ್ಟವಳು. ಒಬ್ಬಳೇ ಇದ್ದರೆ ಇವರಿಗೇನು ಕಷ್ಟ ಎಂದು ಗೆಳತಿಯ ಹತ್ತಿರ ಅತ್ತವಳು. ನಿನಗೆ ಜೋಡಿ ಹುಡುಕಿದರೆ ಅನ್ಯಾಯ, ತಂಬಿಟ್ಟಿಗೆ ನೀನು ಹುಡುಕಿದರೆ ಪ್ರೀತಿ. ಭಲೇ ಅಜ್ಜಿ.

ಇಲ್ಲಿಂದ ಮುಂದಿನದು ನಿನಗಿನ್ನೂ ಆಗಬೇಕಾದದ್ದು, ನನಗೆ ಆಗಿಹೋದದ್ದು. ಹಾವು ಮಾರುವವನ ಮನೆಗೆ ಹೋದೆ. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಮೈ ಉರಿಯುತ್ತದೆ. ಅಲ್ಲಿ ಎರಡು ಹೆಣ್ಣುಗಳಿದ್ದವು. ಒಂದು ಕಂದು ಬಣ್ಣದ್ದು, ನೋಡಲು ಏನೂ ವಿಶೇಷವಿಲ್ಲ, ತಲೆ ನೆಟ್ಟಗೆ ಇಟ್ಟುಕೊಂಡು ನಿನ್ನನ್ನೇ ನೋಡುತ್ತಿತ್ತು. ಇನ್ನೊಂದು ಹಳದಿ, ಮೈತುಂಬ ಜೇಡರ ಬಲೆಯಂಥ ಸಣ್ಣ ಗೆರೆಗಳು, ತಲೆ ಮಾತ್ರ ಅತ್ತಿತ್ತ ತೂಗುತ್ತಲೇ ಇತ್ತು. ನೀನು ಅದನ್ನು ಕೈಮೇಲೆ ಎತ್ತಿಕೊಂಡು ಕ್ಯಾಮೆರಾಕ್ಕೆ ಹೇಳಿದ ಮಾತು ಇದು:

"ನೋಡ್ರಿ, ಪುಂಗಿ ಇಲ್ದ ಹೆಂಗ ತಲಿ ತೂಗಾಕತ್ತಾಳ."

ಬೇರೆ ಸೀಮೆಯವರಾಗಿದ್ದರೆ ಇದಕ್ಕೇನೋ ಜಡ್ಡಿದೆ ಎಂದು ಒಂದು ಕ್ಷಣವಾದರೂ ಅನುಮಾನಿಸುತ್ತಿದ್ದರು. ನಮ್ಮವರಿಗೆ ಆ ಅನುಮಾನ ಬರಲೇ ಇಲ್ಲ. ಹಾವು ತಲೆ ತೂಗಿದರೆ ಕುಣಿತ ಎಂದು ನಾವು ತೊಟ್ಟಿಲಿನಿಂದಲೇ ಕಲಿತುಬಿಟ್ಟಿದ್ದೇವೆ. ಅದು ಕುಣಿತವಲ್ಲ ಅಜ್ಜಿ, ನರದ ರೋಗ. ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವ ಶಕ್ತಿ ಆ ಜೀವಕ್ಕೆ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಆ ಚಂದದ ಗೆರೆಗಳೂ ಈ ರೋಗವೂ ಒಟ್ಟಿಗೇ ಹುಟ್ಟುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಬರುವುದಿಲ್ಲ. ಮಾರುವವನಿಗೆ ಅದು ಗೊತ್ತಿತ್ತು. ಅದರ ಸ್ವಭಾವವೇ ಹಾಗೆ ಎಂದು ನಕ್ಕುಬಿಟ್ಟ. ಅದು ಊಟ ಮಾಡುವುದನ್ನು ಒಮ್ಮೆ ತೋರಿಸು ಎಂದು ನೀನು ಕೇಳಲಿಲ್ಲ.

ನೀನು ಆ ಹಳದಿಯವಳನ್ನು ತಂದು ಅದೇ ದಿನ ತಂಬಿಟ್ಟಿನ ಪೆಟ್ಟಿಗೆಗೆ ಬಿಟ್ಟೆ. ಹೊಸ ಹಾವಿನ ಮೈಯಲ್ಲಿ ಹೇನಿನಂಥ ಹುಳ ಇರಬಹುದು, ಕೆಲವು ತಿಂಗಳು ಬೇರೆ ಕೋಣೆಯಲ್ಲಿ ಬೇರೆ ಪೆಟ್ಟಿಗೆಯಲ್ಲಿ ಇಡಬೇಕು ಎಂಬುದು ನಿನ್ನ ತಲೆಗೆ ಹೊಳೆಯಲಿಲ್ಲ. ಇದ್ದ ಒಂದು ಬೆಚ್ಚಗಿನ ಮೂಲೆಗಾಗಿ ಎರಡೂ ಒಂದರ ಮೇಲೊಂದು ಬಿದ್ದುಕೊಂಡವು. ಅಪ್ಪಿಕೊಂಡು ಮಲಗಿವೆ ಎಂದು ನೀನು ಫೋಟೋ ತೆಗೆದೆ. ತಂಬಿಟ್ಟು ಊಟ ಬಿಟ್ಟ, ಪ್ರೇಮ ಅಂದೆ. ತತ್ತಿಗಳಾದವು. ಹಾವಿನ ತತ್ತಿ ಕೆಡಿಸಿದರೆ ನಾಗದೋಷ ಎಂದು ಮನೆಯವರೆಲ್ಲ ಹೆದರಿದರು, ಒಂದೂ ಬಿಡದೆ ಮರಿ ಮಾಡಿಸಿದಿರಿ. ಮರಿಗಳನ್ನು ನೆಂಟರಿಗೆ, ಗೆಳೆಯರಿಗೆ, ಕೇಳಿದವರಿಗೆಲ್ಲ ಸೀರೆಯ ಉಡುಗೊರೆ ಕೊಟ್ಟಂತೆ ಕೊಟ್ಟಿರಿ. ಅವರೂ ಅಣ್ಣತಂಗಿಯರನ್ನೇ ಜೋಡಿ ಮಾಡಿ, ಹೆಚ್ಚು ತೂಗುವ ಮರಿ ಯಾವುದೋ ಅದನ್ನೇ ಆರಿಸಿ ಬೆಳೆಸಿದರು. ತಲೆಮಾರು ಕಳೆದಂತೆ ರೋಗ ಬಲಿಯಿತು, ನಮ್ಮ ಮನೆತನದ ಹೆಸರೂ ಬೆಳೆಯಿತು.

ನಮ್ಮನ್ನು ಇಲ್ಲಿ ತೂಗುತಲೆಯವರು ಎನ್ನುತ್ತಾರೆ. ನೆರಳುಬೀದಿ ಎಂದರೆ ಬಿಸಿಲಿಗೆ ಅಡ್ಡವಾಗಿ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಬಟ್ಟೆ ಕಟ್ಟಿದ ಬೀದಿ. ಹಗಲೆಲ್ಲ ಅದರ ಕೆಳಗೆ ಮಲಗಿ, ಸಂಜೆ ಮಬ್ಬಿಗೆ ಎದ್ದು ಕೆಲಸ ಮಾಡುತ್ತೇವೆ. ಪಂಚಮಿಯ ಸಂಜೆ ಆ ಬಟ್ಟೆಯ ಕಂಬಗಳಿಗೇ ಜೋಕಾಲಿ ಕಟ್ಟುತ್ತಾರೆ. ಊರಿನ ಹೆಣ್ಣುಮಕ್ಕಳು ಶೇಂಗಾ ಉಂಡಿ, ಅಳ್ಳಿಟ್ಟು ಹಿಡಿದು ನಮ್ಮ ಕಟ್ಟೆಯ ಮುಂದೆ ಸೇರುತ್ತಾರೆ. ಲೀಲವ್ವ ಮಡಿಸೀರೆ ಉಟ್ಟು ತೋಳಿನ ಮೇಲೆ ನಮ್ಮ ಹಾವು ಎಳ್ಳುಂಡಿಯನ್ನು ಸುತ್ತಿಕೊಂಡು ಹೊರಗೆ ಬರುತ್ತಾಳೆ. ನಿನ್ನ ನೆನಪಿಗೆ ನಾವು ಹಾವುಗಳಿಗೆಲ್ಲ ಪಂಚಮಿಯ ತಿಂಡಿಗಳ ಹೆಸರನ್ನೇ ಇಡುತ್ತೇವೆ. ಎಳ್ಳುಂಡಿ ತಲೆ ತೂಗುತ್ತಾಳೆ, ಹೆಂಗಸರು ಹಾಡುತ್ತಾರೆ, ಕೈಮುಗಿಯುತ್ತಾರೆ, ನಿನ್ನ ಆ ಮಾತನ್ನು ಮಂತ್ರದ ಹಾಗೆ ಹೇಳಿ ಮನೆಗೆ ಹೋಗುತ್ತಾರೆ.

ಎಳ್ಳುಂಡಿಗೆ ಉಣಿಸುವವಳು ನಾನು. ಇಲಿಯನ್ನು ಮುಂದೆ ಹಿಡಿದರೆ ಅವಳಿಗೆ ವಾಸನೆ ಸಿಗುತ್ತದೆ, ಹಸಿವು ಕೆರಳುತ್ತದೆ, ಬಾಯಿ ತೆರೆದು ಹಾರುತ್ತಾಳೆ. ಇಲಿ ಇಲ್ಲಿದ್ದರೆ ಅವಳ ಬಾಯಿ ಹೋಗುವುದು ಅಲ್ಲಿಗೆ. ಮತ್ತೆ ಹಾರುತ್ತಾಳೆ, ಕುತ್ತಿಗೆ ತಿರುಚಿಕೊಂಡು ಅಂಗಾತ ಬೀಳುತ್ತಾಳೆ, ಆಕಾಶ ಯಾವ ಕಡೆ ಎಂದು ಹುಡುಕುತ್ತ ಹಾಗೇ ಹೊರಳಾಡುತ್ತಾಳೆ. ನಾನು ಎರಡು ಬೆರಳು ಅವಳ ಗದ್ದಕ್ಕೆ ಆನಿಸಿ ತಲೆ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಇಲಿಯನ್ನು ಬಾಯಿಗೆ ತಾಗಿಸಬೇಕು. ಇದನ್ನು ಲೀಲವ್ವ ಯಾವತ್ತೂ ನಿಂತು ನೋಡಿದವಳಲ್ಲ, ಉಣಿಸುವ ಹೊತ್ತಿಗೆ ಅವಳಿಗೆ ಹೊರಗೆ ಏನಾದರೂ ಕೆಲಸ ಇದ್ದೇ ಇರುತ್ತಿತ್ತು.

ಈ ವರ್ಷ ಎಳ್ಳುಂಡಿ ತತ್ತಿಯಿಟ್ಟಳು. ಊರಿನಲ್ಲಿ ಉಳಿದಿರುವ ತೂಗುತಲೆ ಅವಳೊಬ್ಬಳೇ, ಅವಳ ಗಂಡು ಬೇಸಿಗೆಯಲ್ಲಿ ಸತ್ತ. ನಮ್ಮಲ್ಲಿ ತತ್ತಿಮಾತು ಎಂಬ ಪದ್ಧತಿಯಿದೆ. ತತ್ತಿಗಳನ್ನು ಶಾಖಕ್ಕೆ ಇಡುವ ಮೊದಲು ಮನೆಯವರು ಬೀದಿಯ ಮುಂದೆ ಕೂತು ಉತ್ತರ ಹೇಳಬೇಕು: ಇವುಗಳ ತಾಯಿಗೆ, ತಾಯಿಯ ತಾಯಿಗೆ ಏನು ಜಡ್ಡಿತ್ತು, ಒಂದೊಂದು ಮರಿಯನ್ನೂ ಯಾರು ಒಯ್ಯುತ್ತಾರೆ, ಒಯ್ದವರು ಸತ್ತರೆ ಆಮೇಲೆ ಯಾರು. ಉತ್ತರವಿಲ್ಲದಿದ್ದರೆ ತತ್ತಿಗಳನ್ನು ಮೊದಲ ದಿನವೇ ತಣ್ಣಗಿಟ್ಟುಬಿಡಬೇಕು, ಒಳಗೆ ಜೀವ ಬಲಿಯುವ ಮೊದಲೇ. ನಮ್ಮ ಮನೆಗೆ ಮಾತ್ರ ಬೀದಿಯವರು ಈ ಪ್ರಶ್ನೆ ಕೇಳುತ್ತಿರಲಿಲ್ಲ, ದೈವಕ್ಕೆ ಯಾರು ಲೆಕ್ಕ ಕೇಳುತ್ತಾರೆ? ನಿನ್ನೆ ಬೆಳಗಿನ ಜಾವ ತತ್ತಿಯಾದ ಕೂಡಲೇ ಲೀಲವ್ವ ಅವನ್ನು ಶಾಖದ ಪೆಟ್ಟಿಗೆಗೆ ಇಟ್ಟಳು. ನಾನು ಬೇಡವೆಂದೆ. ಜಗಳ ಹತ್ತಿತು. ಮನೆತನ ಮುಳುಗಿಸುತ್ತೀ ಎಂದಳು, ಮುಂದಿನ ಪಂಚಮಿಗೆ ಜನರಿಗೆ ಏನು ತೋರಿಸಲಿ ಎಂದಳು. ಕೊನೆಗೆ ಪೆಟ್ಟಿಗೆಗೆ ಅಡ್ಡ ನಿಂತು ನನ್ನ ಕೈ ಹಿಡಿದುಕೊಂಡಳು.

"ತತ್ತಿ ಮುಟ್ಟಬ್ಯಾಡ ಅಕ್ಕಾ. ಅದರಾಗ ಜೀವ ಐತಿ."

ನಾನು ಮುಟ್ಟಲಿಲ್ಲ. ಸಂಜೆ ಅವಳು ಎಳ್ಳುಂಡಿಯನ್ನು ತೋಳಿಗೆ ಸುತ್ತಿಕೊಂಡು ಕಟ್ಟೆಗೆ ಬಂದಾಗ, ಹಾಡು ಶುರುವಾಗುವ ಮೊದಲೇ ನಾನು ಇಲಿ ಹಿಡಿದು ಎದುರಿಗೆ ನಿಂತೆ. ಇವತ್ತು ದೇವರ ಊಟವನ್ನೂ ನೋಡಿಕೊಂಡು ಹೋಗಿ ಎಂದೆ. ಎಳ್ಳುಂಡಿ ಹಾರಿದಳು, ತಪ್ಪಿದಳು. ಮತ್ತೆ ತಪ್ಪಿದಳು. ಆಮೇಲೆ ಲೀಲವ್ವನ ತೋಳಿನಿಂದ ಜಾರಿ ನನ್ನ ಒಡ್ಡಿದ ಸೆರಗಿಗೆ ಬಿದ್ದು, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ಬಾಯಿ ತೆರೆದು ತಿರುಗತೊಡಗಿದಳು. ಜೋಕಾಲಿ ಆಡುತ್ತಿದ್ದವರು ಕಾಲು ಊರಿ ನಿಲ್ಲಿಸಿದರು. ಉಂಡಿಯ ತಟ್ಟೆ ಹಿಡಿದವರು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತರು. ಲೀಲವ್ವ ನನ್ನ ಸೆರಗಿನ ಮೇಲೆ ಬಗ್ಗಿ ನೋಡಿದಳು, ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು.

"ಇಕಿ ಕುಣಿಯಾಕತ್ತಿಲ್ಲ ಅಕ್ಕಾ. ಬೀಳಾಕತ್ತಾಳ."

ಅವಳು ಒಳಗೆ ಹೋಗಿ ತತ್ತಿಗಳನ್ನು ತಾನೇ ಶಾಖದಿಂದ ತೆಗೆದು ನೀರಿಡುವ ತಣ್ಣನೆಯ ಕೋಣೆಯಲ್ಲಿ ಇಟ್ಟಳು. ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಅವಳ ಮೇಲಿನ ಸಿಟ್ಟು ನನಗೆ ಅಲ್ಲೇ ಇಳಿಯಿತು. ನಿನ್ನ ಮೇಲಿನದು ಇಳಿದಿಲ್ಲ, ಯಾಕೆಂದರೆ ನಿನಗೆ ಇನ್ನೂ ಸಮಯವಿದೆ.

ಹಾಗಾಗಿ ಕೇಳು. ನೀನು ನಾಳೆ ಆ ಹಾವು ಮಾರುವವನ ಮನೆಗೆ ಹೋಗುತ್ತೀ. ಎರಡನೆಯ ಹಾವು ಬೇಕೇ ಬೇಕು ಎಂದು ನಿನಗನ್ನಿಸಿದರೆ ಅದು ನಿನ್ನ ಆಸೆ ಎಂದು ಒಪ್ಪಿಕೋ, ತಂಬಿಟ್ಟಿನ ತಲೆಗೆ ಕಟ್ಟಬೇಡ. ಎರಡನೆಯ ಪೆಟ್ಟಿಗೆ, ಎರಡನೆಯ ಬೆಚ್ಚಗಿನ ಮೂಲೆ ಮೊದಲು ತಯಾರಿರಲಿ. ಹಾವು ಹೇಗೆ ತೂಗುತ್ತದೆ ಎಂದು ನೋಡಬೇಡ, ಹೇಗೆ ಉಣ್ಣುತ್ತದೆ ಎಂದು ನೋಡು. ಆ ಕಂದು ಬಣ್ಣದವಳನ್ನು ತಾ. ಹಳದಿಯವಳ ಮೇಲೆ ಮನಸ್ಸು ಕರಗಿದರೆ ಅವಳನ್ನೂ ತಾ, ಬೇರೆಯಾಗಿಯೇ ಇಡು, ಸಾಯುವವರೆಗೆ ನಿನ್ನ ಕೈಯಾರೆ ಉಣಿಸು, ಆದರೆ ಅವಳ ಹೊಟ್ಟೆಯಲ್ಲಿ ಮರಿ ಬೇಡ. ಇನ್ನು ಯಾವತ್ತಾದರೂ ಯಾವುದಾದರೂ ಹಾವಿಗೆ ಮರಿ ಮಾಡಿಸುವ ಯೋಚನೆ ಬಂದರೆ, ತತ್ತಿಮಾತಿನ ಪ್ರಶ್ನೆಗಳನ್ನು ಮೊದಲು ನಿನ್ನನ್ನೇ ಕೇಳಿಕೋ.

ಇದನ್ನು ಬರೆಯುವಾಗ ಎಳ್ಳುಂಡಿ ನನ್ನ ಮಡಿಲಲ್ಲಿ ಉಂಡೆಯಾಗಿ ಮಲಗಿದ್ದಾಳೆ. ನಿದ್ದೆಯಲ್ಲಿ ಮಾತ್ರ ಅವಳ ತಲೆ ನಿಲ್ಲುತ್ತದೆ. ನನಗೆ ಮಕ್ಕಳಿಲ್ಲ ಅಜ್ಜಿ, ಇವಳನ್ನು ಬಿಟ್ಟರೆ ನಾನು ಕೈಯಾರೆ ಸಾಕಿದ ಜೀವ ಇನ್ನೊಂದಿಲ್ಲ. ನೀನು ನನ್ನ ಮಾತು ಕೇಳಿದರೆ ಇವಳು ಹುಟ್ಟುವುದೇ ಇಲ್ಲ, ಮಡಿಲು ಯಾಕೆ ಖಾಲಿ ಎಂಬುದೂ ನನಗೆ ನೆನಪಿರುವುದಿಲ್ಲ. ಎಲ್ಲ ಯೋಚಿಸಿಯೇ ಬರೆದಿದ್ದೇನೆ. ಅವಳು ಏಳುವುದರೊಳಗೆ ಕಳಿಸುತ್ತೇನೆ.

ಇಂತಿ,
ಫಕೀರವ್ವ