ರೋಲ್ ನಂಬರ್ ಇಲ್ಲದ ಬೆಳಕು

3 ಫೆಬ್ರವರಿ, ಸೋಮವಾರ. ಬಸ್ಸಿನಲ್ಲಿ

ಸೊರಬ ಬಿಟ್ಟಾಗ ಸೀಟಿಲ್ಲ. ಶಿರಾಳಕೊಪ್ಪದಲ್ಲಿ ಅರ್ಧ ಬಸ್ಸು ಇಳಿಯಿತು. ಕಿಟಕಿ ಪಕ್ಕ ಕೂತು ಲ್ಯಾಪ್‌ಟಾಪ್ ತೆಗೆದೆ. ಪ್ರೋಗ್ರಾಮಿನ ಉತ್ತರ ಮತ್ತೆ ಅದೇ — ಅರ್ಧಕ್ಕರ್ಧ, ಐವತ್ತಕ್ಕೆ ಐವತ್ತು.

ಬರಬೇಕಾದದ್ದು ಏನೆಂದು ಗೊತ್ತು. ಅರ್ಧ ಬೆಳಕನ್ನು ಆಚೆ ಬಿಟ್ಟು ಅರ್ಧವನ್ನು ತಿರುಗಿಸುವ ಗಾಜು. ಎರಡು ಬದಿಯಿಂದ ಒಂದೊಂದು ಫೋಟಾನ್, ಒಂದೇ ಕ್ಷಣಕ್ಕೆ. ಎರಡೂ ತದ್ರೂಪವಾಗಿದ್ದರೆ ಬೇರೆ ಬೇರೆ ದಾರಿ ಹಿಡಿಯುವುದೇ ಇಲ್ಲ. ಯಾವಾಗಲೂ ಜೋಡಿಯಾಗಿ ಒಂದೇ ಕಡೆ ಹೊರಬರುತ್ತವೆ. ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಎಷ್ಟೋ ವರ್ಷದಿಂದ ನೋಡಿದ್ದಾರೆ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಅರ್ಧ ಸಲ ಬೇರೆಯಾಗುತ್ತವೆ, ತೂರಿದ ನಾಣ್ಯಗಳ ಹಾಗೆ. ಎರಡೇ ಎರಡು ಫೋಟಾನ್ ಪಳಗಿಸಲಾರದವಳು ಪಿಎಚ್.ಡಿ. ಮಾಡುತ್ತಾಳಂತೆ!

ಅದೇ ದಿನ, ಮಧ್ಯಾಹ್ನ. ಕಾಲೇಜು

ಗೈಡ್ ಗಂಗಾಶ್ರೀ ಮೇಡಂ ಫೋನ್.

“ಕ್ಷಮಾ, ಇಪ್ಪತ್ತನೇ ತಾರೀಕು ಸಮಿತಿಯವರು ನಿಮ್ಮ ಶಿಕಾರಿಪುರದ ಕಾಲೇಜಿಗೇ ಬರ್ತಾರೆ. ಇದು ಕೊನೇ ಅವಕಾಶ ರೀ. ರಿಸಲ್ಟ್ ಸರಿ ಇಲ್ಲಾಂದ್ರೆ ರಿಜಿಸ್ಟ್ರೇಷನ್ ರದ್ದು. ಈಗ್ಲೂ ಟೈಮ್ ಐತಿ, ಟಾಪಿಕ್ ಬದಲಾಯಿಸಿಬಿಡ್ರಿ. ಸೋಲಾರ್ ಸೆಲ್ ತಗೊಂಡ್ರೆ ಆರಾಮಾಗಿ ಮುಗೀತದೆ.”

ಸೋಲಾರ್ ಸೆಲ್. ಒಳ್ಳೆಯದೇ… ಬೇಡ ಅಂದೆ. ಫೋನ್ ಇಟ್ಟು ಕ್ಲಾಸಿಗೆ ಹೊರಟೆ.

4 ಫೆಬ್ರವರಿ. ಬೆಳಗ್ಗೆ, ಮನೆ

ತಿಂಡಿ ಹೊತ್ತಿಗೆ ಇವರಿಗೆ ಹೇಳಿದೆ. ಮೆಡಿಕಲ್ ಶಾಪಿನ ಬೀಗದ ಕೈ ಹುಡುಕುತ್ತಿದ್ದರು.

“ಎಂತಕ್ಕೆ ಈ ಹಠ ಮಾರಾಯ್ತಿ? ಹಗುರದ್ದು ತಗಂಡು ಮುಗಿಸು.”

“ರೀ, ನಂಗೆ ಇದೇ ಬೇಕು.”

ಅಡುಗೆಮನೆಯಿಂದ ಅತ್ತೆ: “ಅವಳ ಬೆಳಕಿನ ಕಾಳು ಒಂದು ದಾರಿಗೆ ಬರೋ ತನಕ ಸುಮ್ನಿರೋ ಮಧು.”

ಅತ್ತೆ ಬಾಯಲ್ಲಿ ಫೋಟಾನ್ ಎಂದರೆ ಬೆಳಕಿನ ಕಾಳು. ಇದಕ್ಕಿಂತ ಒಳ್ಳೆಯ ಹೆಸರು ನನಗೂ ಸಿಕ್ಕಿಲ್ಲ.

11 ಫೆಬ್ರವರಿ, ಮಂಗಳವಾರ. ಲ್ಯಾಬ್

ಇಷ್ಟು ದಿನ ಬರೆಯುವುದಕ್ಕೆ ಏನೂ ಇರಲಿಲ್ಲ. ಇವತ್ತು ಇದೆ!

ಬಿ.ಎಸ್ಸಿ. ಎರಡನೇ ವರ್ಷದ ಹಾಜರಿ. “ಹದಿನೇಳು” ಎಂದೆ. ಹಿಂದಿನ ಬೆಂಚಿನಿಂದ “ಪ್ರೆಸೆಂಟ್ ಮೇಡಂ” ಎಂದು ರಕ್ಷಿತಾಳ ದನಿ. ಒಬ್ಬರ ಬದಲು ಇನ್ನೊಬ್ಬರು ಕೂಗುವ ಪ್ರಾಕ್ಸಿ ಹಿಡಿಯುವುದರಲ್ಲಿ ಈ ಕಾಲೇಜಿನಲ್ಲಿ ನನ್ನನ್ನು ಮೀರಿಸಿದವರಿಲ್ಲ.

“ನಿನ್ನ ನಂಬರ್ ಯಾವುದಮ್ಮಾ?”

“ಇಪ್ಪತ್ತೊಂದು ಮೇಡಂ…”

“ಮತ್ತೆ ಹದಿನೇಳು ಯಾರು?”

“ನನ್ ಫ್ರೆಂಡ್ ಮೇಡಂ. ಬಸ್ ತಪ್ಪೇತ್ರೀ.”

ಕ್ಲಾಸೆಲ್ಲ ನಕ್ಕಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ನಂಬರ್, ನಂಬರ್… ಬೆಲ್ ಹೊಡೆದದ್ದೇ ಲ್ಯಾಬಿಗೆ ಓಡಿದೆ.

ತಪ್ಪು ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಕೂತಿತ್ತು. ಫೋಟಾನ್ ಒಂದು, ಫೋಟಾನ್ ಎರಡು. ಗಾಜಿಗೆ ಹೋಗುವಾಗ ಹಾಜರಿ, ಹೊರಬಂದ ಮೇಲೆ ಹಾಜರಿ. ಮೇಷ್ಟ್ರ ಬುದ್ಧಿ! ಬೆಳಕಿಗೂ ರೋಲ್ ನಂಬರ್ ಕೊಟ್ಟಿದ್ದೇನೆ!

ನಂಬರ್ ಇದ್ದರೆ, ಎರಡೂ ನೇರ ಹೋದದ್ದು ಒಂದು ಘಟನೆ, ಎರಡೂ ತಿರುಗಿದ್ದು ಇನ್ನೊಂದು. ನಂಬರ್ ಇಲ್ಲದಿದ್ದರೆ ಎರಡೂ ಒಂದೇ: ಇಲ್ಲೊಂದು, ಅಲ್ಲೊಂದು. ಅಲ್ಲಿಗೆ ತಲುಪುವ ಎರಡು ದಾರಿಗಳಲ್ಲಿ ಒಂದಕ್ಕೆ ಪ್ಲಸ್, ಒಂದಕ್ಕೆ ಮೈನಸ್. ಒಂದನ್ನೊಂದು ಅಳಿಸುತ್ತವೆ, ಬೇರೆಯಾಗುವುದೇ ಉಳಿಯುವುದಿಲ್ಲ.

ನಂಬರ್ ತೆಗೆದೆ. ಯಾವುದು ಎಂದು ಕೇಳುವುದನ್ನೇ ಬಿಟ್ಟೆ. ಈ ಕಡೆ ಎಷ್ಟು, ಆ ಕಡೆ ಎಷ್ಟು, ಅಷ್ಟೇ. ರನ್ ಕೊಟ್ಟೆ.

ಬೇರೆಯಾದದ್ದು ಸೊನ್ನೆ. ಮತ್ತೆ ಕೊಟ್ಟೆ. ಸೊನ್ನೆ. ಮೈ ಜುಮ್ಮೆಂದಿತು.

12 ಫೆಬ್ರವರಿ. ಸಂಜೆ, ಮನೆ

ಬೆಳಗ್ಗೆಯಿಂದ ಒಂದೇ ಅನುಮಾನ — ಸೊನ್ನೆಯನ್ನು ನಾನೇ ತುರುಕಿದೆನಾ? ಒಂದು ಫೋಟಾನನ್ನು ಚೂರು ತಡವಾಗಿ ಕಳಿಸಿ ನೋಡಿದೆ. ತಡ ಹೆಚ್ಚಿದ ಹಾಗೆ ಒಂದರಿಂದ ಒಂದನ್ನು ಗುರುತಿಸಬಹುದು. ಗುರುತು ಸಿಕ್ಕಷ್ಟೂ ಬೇರೆಯಾಗತೊಡಗಿದವು. ಕೊನೆಗೆ ಹಳೆಯ ಐವತ್ತಕ್ಕೆ ಐವತ್ತು. ತಡ ಕಡಿಮೆ ಮಾಡಿದೆ, ಗ್ರಾಫ್ ಮೆಲ್ಲಗೆ ಇಳಿದು ಇಳಿದು ನೆಲ ಮುಟ್ಟಿತು. ನಾನು ತುರುಕಿದ್ದಲ್ಲ. ಅದು ಇರುವುದೇ ಹಾಗೆ.

ಅತ್ತೆಗೆ ತೋರಿಸಿದೆ.

“ಹಂಗಾರೆ ಯಾವ ಕಾಳು ಯಾವುದು ಅಂತ ದೇವರಿಗೂ ಗೊತ್ತಿಲ್ವಾ?”

“ಗೊತ್ತಿರೋಕೆ ಅಲ್ಲಿ ಏನೂ ಇಲ್ಲ ಅತ್ತೆ.”

ಅತ್ತೆ ಇನ್ನಷ್ಟು ಹತ್ತಿರ ಸರಿದು ಕೂತರು. “ಇನ್ನೊಂದ್ಸಲ ತೋರ್ಸು” ಅಂದರು.

ಗುರುತೇ ಇಲ್ಲದೆ ಇರುವುದು ಎಂದರೇನು? ಪಾಠ ಮಾಡುವಾಗ ಎಷ್ಟು ಸಲೀಸಾಗಿ ಹೇಳಿದ್ದೇನೆ. ಇವತ್ತು ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಕೇಳಿದರೆ ಹೇಳಲಾರೆ.

20 ಫೆಬ್ರವರಿ, ಗುರುವಾರ. ಸಂಜೆ, ಬಸ್ಸಿನಲ್ಲಿ

ಸಮಿತಿಯ ಹಿರಿಯರು ಯತೀಶ ಸರ್. ಮೊದಲೇ ಮುಖ ಗಂಟು.

“ಸೊನ್ನೆ ಬರ್ಲಿ ಅಂತ ಬರದ್ರೆ ಸೊನ್ನೆ ಬರ್ತೈತಿ ಮೇಡಂ. ಅದ್ರಾಗೇನು ದೊಡ್ಡದು?”

“ನೀವೇ ತಡ ಕೊಟ್ಟು ನೋಡಿ ಸರ್.”

ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ತಡ ಹೆಚ್ಚಿಸಿದರು, ಇಳಿಸಿದರು. ಗ್ರಾಫ್ ನೆಲಕ್ಕಿಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಮಾಡಿದರು. ನಾನು ಏನೋ ವಿವರಿಸಲು ಹೋದರೆ “ತಡೀರಿ ತಡೀರಿ” ಅಂದರು. ಆಮೇಲೆ ಮೆಲ್ಲಗೆ, “ಬೋರ್ಡ್ ಮ್ಯಾಲೆ ಎಷ್ಟು ಸಲ ಬರದೀನಿ ರೀ ಇದನ್ನ… ಹಿಂಗೆ ಬೀಳೋದು ನೋಡಿರ್ಲಿಲ್ಲ.”

ಹೊರಗೆ ಕೂತಿರಿ, ಕರೆಯುತ್ತೇವೆ ಎಂದರು.

ಕಾರಿಡಾರಿನಲ್ಲಿ ಬಿಸಿಲು ಬಿದ್ದಿತ್ತು. ಕೈ ಒಡ್ಡಿದೆ. ಎಷ್ಟೊಂದು ಬಂದು ಬೀಳುತ್ತಿವೆ, ಒಂದಕ್ಕೂ ನಂಬರ್ ಇಲ್ಲ! ಎಷ್ಟು ಹೊತ್ತು ನಿಂತೆನೋ. ಆಮೇಲೆ ದಿನದ ಹಾಗೆ ಕಾಲು ತಾನಾಗಿ ಬಸ್ ಸ್ಟ್ಯಾಂಡಿನ ಕಡೆ ನಡೆದಿರಬೇಕು. ಬಸ್ಸು ಹತ್ತಿ ಕೂತಿದ್ದೇನೆ.

ಶಿರಾಳಕೊಪ್ಪ ಹತ್ತಿರ ಬಂದಾಗ ಇವರ ಫೋನ್. “ಎಂತಾಯ್ತೇ? ಪಾಸಾ?”

ಆಗಲೇ ನೆನಪಾಯಿತು. ಕರೆಯುತ್ತೇವೆ ಅಂದಿದ್ದರು! ಬ್ಯಾಗ್ ಮುಟ್ಟಿ ನೋಡಿಕೊಂಡೆ, ಹಗುರ. ಲ್ಯಾಪ್‌ಟಾಪ್ ಕೂಡ ಅಲ್ಲೇ.

ಆಮೇಲೆ ಹೇಳ್ತೀನಿ ಎಂದು ಫೋನ್ ಇಟ್ಟ ಕೂಡಲೇ ಗಂಗಾಶ್ರೀ ಮೇಡಂ ಕರೆ.

“ಎಲ್ಲಿ ಹೋದ್ರಿ ಕ್ಷಮಾ? ಎಲ್ಲಾರೂ ಒಪ್ಪ್ಯಾರೆ. ಯತೀಶ ಸರ್ ಸಹಿ ಹಾಕೋಕೆ ಪೆನ್ನು ತೆಗೆದೋರು ಮತ್ತೆ ನಿಮ್ಮ ಲ್ಯಾಪ್‌ಟಾಪ್ ಮುಂದೆ ಕೂತಾರೆ. ಮೂರು ಫೋಟಾನ್ ಹಾಕಿದ್ರೆ ಏನಾಗ್ತದೆ ಅಂತ ಕೇಳ್ತಿದ್ದಾರೆ. ನಂಗೂ ಹೇಳೋಕೆ ಬರ್ತಿಲ್ಲ. ಲಗೂನ ಬರ್ರಿ!”

ಸೊರಬದ ಟಿಕೆಟ್ ತಗೊಂಡು ಇಲ್ಲೇ ಇಳಿಯುತ್ತೇನೆ ಎಂದದ್ದಕ್ಕೆ ಕಂಡಕ್ಟರ್ ಗೊಣಗುತ್ತಿದ್ದಾನೆ. ಇಳಿಯಬೇಕು. ಎದುರಿಗೆ ಶಿಕಾರಿಪುರದ ಬಸ್ಸು ಹೊರಟು ನಿಂತಿದೆ. ಮೂರು ಹಾಕಿದರೆ —