ರೈಹಾನಳ ತರಗತಿ

ವಾದಿ ಸಿದ್ರ್, ಯೆಮನ್
ರಜಬ್ ತಿಂಗಳ ಹನ್ನೆರಡು

ರೈಹಾನಳ ಅಪ್ಪನಿಗೆ ಮಿಸ್ಕಳ ಸಲಾಂ.

ನಿಮ್ಮ ಸೊಂಟನೋವು ಹೇಗಿದೆ? ಬಂದರಿನ ರಸ್ತೆ ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಅಲ್ಲಿಯೂ ನಿಮ್ಮದು ಅದೇ ಹಟವೋ? ನಾವು ಚೆನ್ನಾಗಿದ್ದೇವೆ. ಗಾಳಿಗೆ ಗುಡಿಸಲಿನ ತಗಡು ಹಾರಿತ್ತು, ನಿಮ್ಮ ತಮ್ಮ ಬಂದು ಕಲ್ಲು ಹೇರಿ ಹೋದ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಕಲಿಸಿದವಳು ನಿಮ್ಮ ಮಗಳು, ಬೈಯುವುದಿದ್ದರೆ ಅವಳನ್ನೇ ಬೈಯಿರಿ.

ಅವಳ ಸುದ್ದಿಯನ್ನೇ ಬರೆಯಬೇಕಾಗಿದೆ. ವಿಶ್ವವಿದ್ಯಾಲಯದಲ್ಲಿ ಕಲಿಸುವ ಡಾಕ್ಟರ್ ಫತ್ಹಿಯಾ ನಮ್ಮ ಗುಡಿಸಲಿಗೇ ಬಂದು, ಗುಡಿಸುವ ಜನರ ಮಕ್ಕಳಿಗೆ ಶುಲ್ಕವಿಲ್ಲ, ಕಳಿಸಿಕೊಡಿ ಎಂದು ಕೇಳಿದ ದಿನ ನಿಮಗೆ ಮರೆತಿರಲಾರದು. ಅವರು ಹೋದ ಮೇಲೆ ನೀವು, "ನಮ್ಮ ಲೋಟದಲ್ಲಿ ಚಾ ಕುಡಿದ್ರಲ್ಲೇ, ಪೂರ್ತಿ ಕುಡಿದ್ರು" ಎಂದು ರಾತ್ರಿಯವರೆಗೂ ಹೇಳಿದ್ದೇ ಹೇಳಿದ್ದು. ಈಗ ಅವಳಿಗೆ ಟೀಚರ್ ಓದಿನ ಕೊನೆಯ ವರ್ಷ. ಪಾಠ ಮಾಡಿ ಅಭ್ಯಾಸವಾಗಲೆಂದು ಊರೊಳಗಿನ ಹುಡುಗಿಯರ ಶಾಲೆಗೆ ಹಾಕಿದರು. ಮಕ್ಕಳು ಬೇಗ ಹಚ್ಚಿಕೊಂಡವು. ಒಂದು ದಿನ ಒಬ್ಬ ಪುಟ್ಟ ಹುಡುಗಿಗೆ ಕೆಮ್ಮು ಹತ್ತಿತು. ಇವಳು ತನ್ನ ಬಾಟಲಿಯಿಂದ ನೀರು ಕುಡಿಸಿದಳು. ಮಗು ಮನೆಗೆ ಹೋಗಿ ಮೇಡಂ ನೀರು ಕೊಟ್ಟರೆಂದು ಸಂತೋಷದಿಂದಲೇ ಹೇಳಿತಂತೆ. ನಾಯಿ ನೆಕ್ಕಿದ ತಟ್ಟೆ ತೊಳೆ, ಗುಡಿಸುವವರು ಮುಟ್ಟಿದ್ದನ್ನು ಒಡೆದುಹಾಕು ಎನ್ನುವ ಆ ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಬೆಂಚುಗಳೆಲ್ಲ ಖಾಲಿ.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. "ನೀನು ಒಳ್ಳೆಯವಳು ಮಗಳೇ, ಆದ್ರೆ ತಾಯಂದಿರು ಬಂದು ಬಾಗಿಲಲ್ಲಿ ನಿಂತ್ರೆ ನಾನೇನು ಮಾಡ್ಲಿ?" ಎಂದರಂತೆ. ಡಾಕ್ಟರ್ ಫತ್ಹಿಯಾ ಇವಳನ್ನು ಕರೆದುಕೊಂಡು ಆ ಮಕ್ಕಳ ಮನೆಮನೆ ತಿರುಗಿದರು. ಒಬ್ಬ ತಾಯಿ, "ಬೀದಿ ಗುಡಿಸೋಕೆ ಬರ್ಲಿ, ಯಾರು ಬೇಡ ಅಂದ್ರು?" ಎಂದು ನಕ್ಕಳು. ವಿಶ್ವವಿದ್ಯಾಲಯದವರು, ಶಾಲೆ ಬಿಡು, ನಿಮ್ಮ ಗುಡಿಸಲುಗಳ ಮಕ್ಕಳಿಗೇ ಪಾಠ ಮಾಡು, ಪಾಸು ಮಾಡುತ್ತೇವೆ ಎಂದರು. ಇವಳು ಒಪ್ಪಲಿಲ್ಲ. "ಅಮ್ಮಾ, ನಮ್ಮ ಮಕ್ಕಳಿಗೆ ನಾನು ಯಾವಾಗ್ಲೂ ಕಲಿಸ್ತೀನಿ. ಆದ್ರೆ ಅಷ್ಟಕ್ಕೇ ಸರಿ ಅನ್ನೋದಾದ್ರೆ ನನ್ನನ್ನ ಒಳಗೆ ಯಾಕೆ ಕರೆದ್ರು?" ಎಂದು ಕೇಳಿದಳು. ನಾನು ರೊಟ್ಟಿ ತಿರುವಿ ಹಾಕುತ್ತಾ ಕೂತೆ.

ಆಮೇಲೆ ಫತ್ಹಿಯಾ ಒಂದು ಕೆಲಸ ಮಾಡಿದರು. ತಮ್ಮ ಏಳು ವರ್ಷದ ಮಗಳನ್ನು ದೊಡ್ಡ ಶಾಲೆಯಿಂದ ಬಿಡಿಸಿ ತಂದು ರೈಹಾನಳ ತರಗತಿಯಲ್ಲಿ ಕೂರಿಸಿದರು. ಅಷ್ಟು ಬೆಂಚುಗಳಿಗೆ ಒಂದೇ ಮಗು. ನಮ್ಮವಳು ಇಡೀ ತರಗತಿ ತುಂಬಿದೆಯೇನೋ ಎಂಬಂತೆ ಗಟ್ಟಿಯಾಗಿ ಪಾಠ ಮಾಡಿದಳಂತೆ. ಎರಡು ದಿನಕ್ಕೆ ಇನ್ನೂ ಇಬ್ಬರು ಬಂದರು. ನನಗೂ ಆಸೆ ಹುಟ್ಟಿತು. ಮುಂದಿನ ವಾರ ಫತ್ಹಿಯಾರ ಅತ್ತೆಯ ಮನೆಯವರು ಕೂಸನ್ನು ಬೇರೆ ಊರಿಗೆ ಕರೆದೊಯ್ದರು, ಆ ಇಬ್ಬರೂ ಬರುವುದನ್ನು ನಿಲ್ಲಿಸಿದರು. ಫತ್ಹಿಯಾ ನಮ್ಮಲ್ಲಿಗೆ ಬಂದು ಚಾಪೆಯ ಮೇಲೆ ಕೂತು ಅತ್ತರು. ಅಷ್ಟು ಓದಿದವರ ಬೆನ್ನು ಸವರಬಹುದೋ ಇಲ್ಲವೋ ತಿಳಿಯದೆ ನನ್ನ ಕೈ ಗಾಳಿಯಲ್ಲೇ ಉಳಿಯಿತು.

ರೈಹಾನ ಈಗಲೂ ದಿನಾ ಶಾಲೆಗೆ ಹೋಗುತ್ತಾಳೆ. ಖಾಲಿ ತರಗತಿಯಲ್ಲಿ ಗಂಟೆ ಮುಗಿಯುವವರೆಗೆ ಕೂತು ಬರುತ್ತಾಳೆ.

ನಿಮ್ಮ ತಾಯಿ ಹರಸಿದ್ದಾರೆ. ಬಿಸಿಲಿನಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ಮಿಸ್ಕ್

ತಾ.ಕ.: ಕಾಗದ ಒಯ್ಯುವ ಲಾರಿಯವನು ಅವಸರ ಮಾಡುತ್ತಿದ್ದಾನೆ. ನಮ್ಮ ಕಿರಿಯವಳು ಶಜನ್ ಶಾಲೆಯ ಕೊನೆಯ ಪರೀಕ್ಷೆ ಪಾಸಾದಳು. ವಿಶ್ವವಿದ್ಯಾಲಯದಲ್ಲಿ ಅವಳಿಗೂ ಜಾಗ ಇಟ್ಟಿದ್ದಾರೆ, ಉತ್ತರ ಕೇಳಿದ್ದಾರೆ. ಕಳಿಸು ಎನ್ನಲು ನನಗೆ ಬಾಯಿ ಬರುವುದಿಲ್ಲ, ಬೇಡ ಎನ್ನಲೂ ಬರುವುದಿಲ್ಲ. ನೀವೇ ಹೇಳಿ. ಅವಳು ಇವತ್ತು ಬೆಳಿಗ್ಗೆ ಅಕ್ಕ ವಿಶ್ವವಿದ್ಯಾಲಯಕ್ಕೆ ಹಾಕಿಕೊಂಡು ಹೋಗುತ್ತಿದ್ದ ಹಳೆಯ ಬುರ್ಖಾ ಒಗೆದು ಹಗ್ಗಕ್ಕೆ ಹಾಕಿದ್ದಾಳೆ.